ಡಿಸ್ಕ್ ತೆರೆಯದಿದ್ದಾಗ: ಫಾರ್ಮ್ಯಾಟ್ ಮಾಡುವ ಮುನ್ನ

2025ರ ಅಕ್ಟೋಬರ್ 14ರಂದು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ನಿಯಮಿತ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಈಚಿನ ಪೀಳಿಗೆಯ ಪ್ರೊಸೆಸರ್ ಕೂಡ ಅಗತ್ಯವಾಗಿರುವುದರಿಂದ, ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವ ಹಳೆಯ ಗಣಕಯಂತ್ರಗಳನ್ನು ಏನು ಮಾಡುವುದೆಂಬ ಪ್ರಶ್ನೆ ಸಯ್ಯಾಜಿರಾವ್ ರಸ್ತೆಯ ಅಂಗಡಿಗೂ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಘಟಕಕ್ಕೂ ಒಂದೇ ರೀತಿಯಲ್ಲಿ ಎದುರಾಗಿದೆ. ಎಂಟು-ಹತ್ತು ವರ್ಷ ದುಡಿದ ಯಂತ್ರವನ್ನು ಗುಜರಿಗೆ ಹಾಕಲು ವ್ಯಾಪಾರಸ್ಥನಿಗೆ ಮನಸ್ಸು ಬಾರದಿರುವುದು ಸಹಜ. ಇಂತಹ ಯಂತ್ರಗಳಿಗೆ ಪರವಾನಗಿ ಶುಲ್ಕವಿಲ್ಲದ ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಲಿನಕ್ಸ್ ವ್ಯವಸ್ಥೆಗಳನ್ನು ಅಳವಡಿಸಿಕೊಳ್ಳುವುದು ವೆಚ್ಚದ ದೃಷ್ಟಿಯಿಂದ ವಿವೇಕಯುತವಾದ ಕ್ರಮವೇ ಆಗಿದೆ. ಈ ಲೇಖನದ ತಕರಾರು ಆ ನಿರ್ಧಾರದ ಬಗ್ಗೆ ಅಲ್ಲ. ಬದಲಾವಣೆಯ ನಂತರ ಪರದೆಯ ಮೇಲೆ ಮೂಡುವ ಒಂದು ಬಗೆಯ ದೋಷಸಂದೇಶವನ್ನು ಅಕ್ಷರಶಃ ನಂಬಿ, ವರ್ಷಗಳ ಲೆಕ್ಕಪತ್ರಗಳನ್ನು ತಮ್ಮ ಕೈಯಾರೆ ಅಳಿಸಿಹಾಕುವ ಅಪಾಯದ ಬಗ್ಗೆ ಮಾತ್ರ.

ಲಿನಕ್ಸಿಗೆ ಹೋದವರಲ್ಲಿ ಬಹುಮಂದಿ ವಿಂಡೋಸನ್ನು ಪೂರ್ತಿ ಕೈಬಿಡುವುದಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶಗಳು ವಿಂಡೋಸಿಗಾಗಿಯೇ ರೂಪಿತವಾಗಿರುವುದು ಇದಕ್ಕೆ ಮುಖ್ಯ ಕಾರಣ. ಆದುದರಿಂದ ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಂಡು, ಯಂತ್ರ ಚಾಲೂ ಮಾಡುವಾಗ ಬೇಕಾದುದನ್ನು ಆರಿಸಿಕೊಳ್ಳುವ ಪದ್ಧತಿ ಸಾಮಾನ್ಯವಾಗಿದೆ. ಬಿಲ್ಲುಗಳು, ಖಾತೆಗಳು, ಸರಕು ದಾಸ್ತಾನಿನ ಪಟ್ಟಿ ಎಲ್ಲವೂ 'ಡಿ' ಡ್ರೈವಿನಲ್ಲಿಯೋ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿಯೋ ಇರುತ್ತವೆ. ಎರಡೂ ವ್ಯವಸ್ಥೆಗಳು ಅದನ್ನು ಓದುತ್ತವೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಲಿನಕ್ಸ್ ಕೂಡ ಓದಿ ಬರೆಯಬಲ್ಲುದಾದುದರಿಂದ ತಿಂಗಳುಗಟ್ಟಲೆ ಯಾವ ತೊಡಕೂ ಕಾಣಿಸದು. ಹೀಗಿರುವಾಗ ಒಂದು ದಿನ ಅದೇ ಡ್ರೈವಿನ ಮೇಲೆ ಕ್ಲಿಕ್ಕಿಸಿದರೆ ಅದು ತೆರೆಯುವುದಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರುತ್ತದೆ: "ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್, ಮಿಸ್ಸಿಂಗ್ ಕೋಡ್‌ಪೇಜ್ ಆರ್ ಹೆಲ್ಪರ್ ಪ್ರೋಗ್ರಾಂ, ಆರ್ ಅದರ್ ಎರರ್."

ಡಿಸ್ಕೊಂದನ್ನು ವ್ಯವಸ್ಥೆಯೊಳಗೆ ಸೇರಿಸಿಕೊಂಡು ಬಳಕೆಗೆ ತೆರೆದಿಡುವ ಕ್ರಿಯೆಗೆ ಲಿನಕ್ಸ್ ಪರಿಭಾಷೆಯಲ್ಲಿ 'ಮೌಂಟ್' ಎನ್ನುತ್ತಾರೆ. ಆ ಕ್ರಿಯೆ ವಿಫಲವಾದಾಗ ಬರುವ ವಾಕ್ಯವಿದು. ಕಡತ ವ್ಯವಸ್ಥೆಯ ಬಗೆ ತಪ್ಪು, ಆಯ್ಕೆ ತಪ್ಪು, ಸೂಪರ್‌ಬ್ಲಾಕ್ ಕೆಟ್ಟಿದೆ, ಸಹಾಯಕ ತಂತ್ರಾಂಶ ಇಲ್ಲ, ಅಥವಾ ಬೇರಾವುದೋ ದೋಷ ಎಂಬುದು ಇದರ ತಾತ್ಪರ್ಯ. ಓದಿದವರ ಕಣ್ಣು ನೆಡುವುದು 'ಬ್ಯಾಡ್ ಸೂಪರ್‌ಬ್ಲಾಕ್' ಎಂಬ ಮಾತಿನ ಮೇಲೆ. ಡಿಸ್ಕಿನ ಮೂಲ ವಿವರಗಳನ್ನು ಹಿಡಿದಿಡುವ ಭಾಗವೇ ಸೂಪರ್‌ಬ್ಲಾಕ್. ಅದು ಕೆಟ್ಟಿದೆಯೆಂದರೆ ಡಿಸ್ಕೇ ಹೋಯಿತೆಂದು ಭಾವಿಸುವುದು ಸ್ವಾಭಾವಿಕ. ಕರೆಸಿದ ತಂತ್ರಜ್ಞನೂ ಅವಸರದಲ್ಲಿದ್ದರೆ "ಡಿಸ್ಕ್ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ" ಎನ್ನುತ್ತಾನೆ. ಡಿಸ್ಕೇನೋ ಸರಿಹೋಗುತ್ತದೆ. ಅದರಲ್ಲಿದ್ದುದು ಹೋಗುತ್ತದೆ.

ಈ ವಾಕ್ಯ ರೋಗನಿರ್ಣಯವಲ್ಲ ಎಂಬುದನ್ನು ಪ್ರತಿಯೊಬ್ಬ ಮಾಲೀಕರೂ ತಿಳಿದಿರಬೇಕು. ಚೆಕ್ಕು ಹಿಂದಿರುಗಿದಾಗ ಬ್ಯಾಂಕು ಲಗತ್ತಿಸುವ ಮೆಮೋ ವರ್ತಕರಿಗೆ ಪರಿಚಿತ. ಅದರಲ್ಲಿ ಹಣ ಸಾಲದು, ಸಹಿ ಹೊಂದುತ್ತಿಲ್ಲ, ದಿನಾಂಕ ಮೀರಿದೆ, ಪಾವತಿ ತಡೆಹಿಡಿಯಲಾಗಿದೆ ಎಂಬಂತಹ ಕಾರಣಗಳು ಮೊದಲೇ ಅಚ್ಚಾಗಿದ್ದು, ಗುಮಾಸ್ತರು ಅನ್ವಯವಾಗುವುದಕ್ಕೆ ಗುರುತು ಹಾಕುವ ಪದ್ಧತಿಯಿತ್ತು. ಯಾವ ಕಾರಣಕ್ಕೂ ಗುರುತು ಹಾಕದೆ ಮೆಮೋವನ್ನು ಹಾಗೆಯೇ ಕಳುಹಿಸಿದರೆ, ಅದರಲ್ಲಿ ಮೊದಲು ಕಂಡ ಕಾರಣವನ್ನು ಹಿಡಿದು ಯಾವ ವರ್ತಕನೂ ಗಿರಾಕಿಯ ಮೇಲೆ ಮೊಕದ್ದಮೆ ಹೂಡುವುದಿಲ್ಲ. ಲಿನಕ್ಸಿನ ಈ ಸಂದೇಶ ಗುರುತು ಹಾಕದ ಮೆಮೋವೇ ಆಗಿದೆ.

ಹೀಗಾಗಲು ತಾಂತ್ರಿಕ ಕಾರಣವಿದೆ. ಡಿಸ್ಕನ್ನು ತೆರೆಯುವ ನಿಜವಾದ ಕೆಲಸವನ್ನು ಮಾಡುವುದು ವ್ಯವಸ್ಥೆಯ ಒಡಲಲ್ಲಿರುವ ಕರ್ನಲ್. ಕೋರಿಕೆ ಸಲ್ಲಿಸುವ 'ಮೌಂಟ್' ಎಂಬ ಪುಟ್ಟ ತಂತ್ರಾಂಶಕ್ಕೆ ಕರ್ನಲ್ ಸಾಂಪ್ರದಾಯಿಕವಾಗಿ ಹಿಂದಿರುಗಿಸುವುದು ಒಂದು ಸಂಖ್ಯೆಯನ್ನು ಮಾತ್ರ. 'ಅಸಿಂಧು' ಎಂಬರ್ಥದ 22 ಎಂಬ ಸಂಖ್ಯೆಯನ್ನು ಹತ್ತಾರು ಬೇರೆಬೇರೆ ಸಂದರ್ಭಗಳಲ್ಲಿ ಕೊಡಲಾಗುತ್ತದೆ. ಆ ಸಂಖ್ಯೆಯ ಹಿಂದಿನ ಕಾರಣ ತಿಳಿಯದ ಮೌಂಟ್ ತಂತ್ರಾಂಶ, ಇರಬಹುದಾದ ಕಾರಣಗಳನ್ನೆಲ್ಲ ಒಂದೇ ವಾಕ್ಯದಲ್ಲಿ ಪೋಣಿಸಿ ಮುಂದಿಡುತ್ತದೆ. ಕರ್ನಲ್ ಮಾತ್ರ ತನಗೆ ತಿಳಿದ ನಿಜಸಂಗತಿಯನ್ನು ತನ್ನದೇ ದಿನಚರಿಯಲ್ಲಿ ಬರೆದಿಟ್ಟಿರುತ್ತದೆ. ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರಗಳ ಆಜ್ಞೆಯನ್ನು ಆಡಳಿತಾಧಿಕಾರದೊಂದಿಗೆ ಕೊಟ್ಟರೆ ಆ ದಿನಚರಿಯ ಸಾಲುಗಳು ಕಾಣುತ್ತವೆ. ಈಚಿನ ಆವೃತ್ತಿಗಳು ದೋಷಸಂದೇಶದ ಕೊನೆಯಲ್ಲಿ ಇದನ್ನು ನೋಡಬಹುದೆಂಬ ಸೂಚನೆಯನ್ನೂ ಸೇರಿಸುತ್ತವೆ. ಆದರೆ ಗಾಬರಿಯಲ್ಲಿರುವವರು ಸಂದೇಶವನ್ನು ಕೊನೆಯವರೆಗೆ ಓದುವುದು ಅಪರೂಪ.

ಎರಡು ವ್ಯವಸ್ಥೆಗಳಿರುವ ಯಂತ್ರಗಳಲ್ಲಿ ಆ ದಿನಚರಿಯ ಕೊನೆಯ ಸಾಲು ಬಹಳಷ್ಟು ಸಲ ಹೇಳುವುದು, 'ಡ್ರೈವ್ ಡರ್ಟಿ ಸ್ಥಿತಿಯಲ್ಲಿದೆ, ಬಲವಂತದ ಸೂಚನೆ ಕೊಟ್ಟಿಲ್ಲ' ಎಂದು. ಇಲ್ಲಿ 'ಡರ್ಟಿ' ಎಂಬ ಮಾತಿಗೆ ಕೊಳೆಯಾಗಿದೆ, ಕೆಟ್ಟಿದೆ ಎಂಬ ಅರ್ಥವಿಲ್ಲ; ಹಿಂದೆ ಬಳಸಿದವರು ಲೆಕ್ಕ ಮುಚ್ಚದೆ ಎದ್ದುಹೋಗಿದ್ದಾರೆ ಎಂದಷ್ಟೇ ಅರ್ಥ. ಬಳಸಿದವರು ವಿಂಡೋಸ್. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೊದಲ್ಗೊಂಡು 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯವಿದ್ದು, 'ಷಟ್ ಡೌನ್' ಒತ್ತಿದಾಗ ಯಂತ್ರ ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಒಳಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ರೆಗೆ ಜಾರುತ್ತದೆ. ಮರುದಿನ ಬೇಗ ಎಚ್ಚರಗೊಳ್ಳುವುದು ಇದರ ಉದ್ದೇಶ. ವಿಂಡೋಸಿನ ದೃಷ್ಟಿಯಲ್ಲಿ 'ಡಿ' ಡ್ರೈವ್ ಆಗಲೂ ತನ್ನ ಕೈಯಲ್ಲೇ ಇದೆ. ಆ ನಡುವೆ ಲಿನಕ್ಸ್ ಬಂದು ಅದೇ ಡ್ರೈವಿನಲ್ಲಿ ಬರೆದರೆ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ತಿಳಿಸದೆ ಒಂದೇ ಕಿರ್ದಿಯಲ್ಲಿ ಬರೆದಂತಾಗುತ್ತದೆ. ಆದುದರಿಂದ ಲಿನಕ್ಸ್ ತೆರೆಯಲು ನಿರಾಕರಿಸುತ್ತದೆ. ಆ ನಿರಾಕರಣೆ ಲೆಕ್ಕಗಳನ್ನು ಕಾಪಾಡುವ ಕ್ರಮವೇ. ಅದನ್ನು ತಿಳಿಸುವ ಮಾತು ಮಾತ್ರ ಅನರ್ಥಕಾರಿ.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಎನ್‌ಟಿಎಫ್‌ಎಸ್-3ಜಿ ಎಂಬ ಹಳೆಯ ಚಾಲಕ ತಂತ್ರಾಂಶ ಇದೇ ಸಂದರ್ಭದಲ್ಲಿ ವಿಂಡೋಸ್ ಸರಿಯಾಗಿ ಮುಚ್ಚಿಲ್ಲ, ಅದನ್ನು ಪೂರ್ಣವಾಗಿ ಮುಚ್ಚಿ ಬನ್ನಿ ಎಂದು ಸ್ಪಷ್ಟವಾಗಿ ಹೇಳುತ್ತಿತ್ತು. ಓದಲು ಮಾತ್ರ ಅವಕಾಶ ಕೊಟ್ಟು ತೆರೆಯುವುದೂ ಉಂಟು. 2021ರ ಕೊನೆಯಲ್ಲಿ ಬಂದ ಕರ್ನಲ್ 5.15ರಲ್ಲಿ ಪ್ಯಾರಾಗನ್ ಸಂಸ್ಥೆ ನೀಡಿದ ಎನ್‌ಟಿಎಫ್‌ಎಸ್3 ಎಂಬ ಹೊಸ ಚಾಲಕ ಸೇರಿತು. ಅದು ವೇಗವಾಗಿದೆ ಎಂಬುದೇನೋ ಸರಿ. ಆದರೆ ಅದನ್ನು ಬಳಸುವ ಲಿನಕ್ಸ್ ವಿತರಣೆಗಳಲ್ಲಿ ಅದೇ ತೊಂದರೆಗೆ ಈಗ ಬರುವುದು ಮೇಲೆ ಹೇಳಿದ ಗುರುತಿಲ್ಲದ ಮೆಮೋ. ಹೊಸದು ಬಂದಾಗ ವೇಗವನ್ನು ಅಳೆದವರು ಮಾತಿನ ಸ್ಪಷ್ಟತೆಯನ್ನು ಅಳೆಯಲಿಲ್ಲವೆಂದು ತೋರುತ್ತದೆ.

ಪರಿಹಾರ ಸರಳ, ಖರ್ಚಿಲ್ಲದ್ದು. ಯಂತ್ರವನ್ನು ಮತ್ತೆ ವಿಂಡೋಸಿಗೆ ಒಯ್ದು 'ಷಟ್ ಡೌನ್' ಬದಲು 'ರೀಸ್ಟಾರ್ಟ್' ಕೊಟ್ಟು, ಆರಂಭದ ಪಟ್ಟಿಯಲ್ಲಿ ಲಿನಕ್ಸನ್ನು ಆರಿಸಿದರೆ ಸಾಮಾನ್ಯವಾಗಿ ಡ್ರೈವ್ ತೆರೆಯುತ್ತದೆ. ರೀಸ್ಟಾರ್ಟ್ ಮಾಡುವಾಗ ವಿಂಡೋಸ್ ಲೆಕ್ಕವನ್ನು ಪೂರ್ಣವಾಗಿ ಮುಚ್ಚುತ್ತದೆ. ಷಿಫ್ಟ್ ಕೀಲಿಯನ್ನು ಒತ್ತಿಹಿಡಿದು ಷಟ್ ಡೌನ್ ಮಾಡಿದರೂ ಅದೇ ಫಲ. ಶಾಶ್ವತ ಪರಿಹಾರ ಬೇಕೆನ್ನುವವರು ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಸೌಲಭ್ಯದ ಗುರುತನ್ನು ತೆಗೆದುಹಾಕಬಹುದು. ಬೆಳಿಗ್ಗೆ ಯಂತ್ರ ಕೆಲವು ಸೆಕೆಂಡು ತಡವಾಗಿ ಎದ್ದೀತು. ವಿದ್ಯುತ್ ಕೈಕೊಟ್ಟು ಯಂತ್ರ ಥಟ್ಟನೆ ನಿಂತಿದ್ದರೆ ಅಥವಾ ಹೊರ ಡಿಸ್ಕನ್ನು ಸುರಕ್ಷಿತವಾಗಿ ಬೇರ್ಪಡಿಸದೆ ಕಿತ್ತಿದ್ದರೆ, ವಿಂಡೋಸಿನಲ್ಲಿಯೇ 'ಚೆಕ್ ಡಿಸ್ಕ್' ನಡೆಸಬೇಕು.

ಅಂತರಜಾಲದಲ್ಲಿ ಇದಕ್ಕೆ ದೊರೆಯುವ ಸಲಹೆ ಬಹುತೇಕ ಬೇರೆಯೇ. 'ಬಲವಂತವಾಗಿ ತೆರೆಯಿರಿ', 'ಎನ್‌ಟಿಎಫ್‌ಎಸ್‌ಫಿಕ್ಸ್ ನಡೆಸಿ', 'ವಿಂಡೋಸಿನ ಅರೆನಿದ್ರೆಯ ಕಡತವನ್ನು ಅಳಿಸಿ' ಎಂಬವು ಆ ಸಲಹೆಗಳು. ಎನ್‌ಟಿಎಫ್‌ಎಸ್‌ಫಿಕ್ಸ್ ಕೆಲವು ಸಣ್ಣ ಅಸಂಗತಿಗಳನ್ನು ತಿದ್ದಿ 'ಡರ್ಟಿ' ಎಂಬ ಗುರುತನ್ನು ಅಳಿಸಬಲ್ಲುದು. ವಿಂಡೋಸಿನ ಪೂರ್ಣ ತಪಾಸಣೆಗೆ ಅದು ಸಮವಲ್ಲ. ಅರೆನಿದ್ರೆಯ ಕಡತವನ್ನು ಅಳಿಸಿದರೆ ವಿಂಡೋಸ್ ಇನ್ನೂ ಬರೆದು ಮುಗಿಸದಿದ್ದ ಮಾಹಿತಿ ನಷ್ಟವಾಗುತ್ತದೆ. ತಾಳೆಪಟ್ಟಿ ಕೂಡದಿದ್ದಾಗ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ವರ್ಷಾಂತ್ಯದಲ್ಲಿ ಅದನ್ನು ಸದ್ದಿಲ್ಲದೆ ವಜಾ ಮಾಡುವ ಗುಮಾಸ್ತನ ಜಾಣತನಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಪಟ್ಟಿ ಕೂಡುತ್ತದೆ, ತಪ್ಪು ಒಳಗೇ ಉಳಿಯುತ್ತದೆ.

ಇದೇ ಜಾತಿಯ ಇನ್ನು ಕೆಲವು ಸಂದೇಶಗಳಿವೆ. ವಿಂಡೋಸ್ 11 ಇರುವ ಹೊಸ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯ ಮೂಲಕ ಪ್ರವೇಶಿಸಿದಾಗ ಡಿಸ್ಕು ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗಕ್ಕೆ ತಾನಾಗಿಯೇ ಒಳಪಡುವುದುಂಟು. ಮಾಲೀಕರಿಗೆ ಅದರ ಅರಿವೇ ಇರುವುದಿಲ್ಲ. ಲಿನಕ್ಸ್ ಅಂತಹ ಡ್ರೈವನ್ನು ಕಂಡು 'ಅಪರಿಚಿತ ಕಡತ ವ್ಯವಸ್ಥೆ: ಬಿಟ್‌ಲಾಕರ್' ಎನ್ನುತ್ತದೆ. ಅಪರಿಚಿತ ಎಂಬುದನ್ನು ಹಾಳಾಗಿದೆ ಎಂದು ಓದಿಕೊಳ್ಳಬಾರದು. 48 ಅಂಕಿಗಳ ಮರುಪಡೆಯುವ ಕೀಲಿ ಕೈಯಲ್ಲಿದ್ದರೆ ಲಿನಕ್ಸಿನಲ್ಲಿಯೂ ಅದನ್ನು ತೆರೆಯಬಹುದು. ಆ ಕೀಲಿಯನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡುವುದು ಲೇಸು. ಹಳೆಯ ಸರ್ವರಿನಿಂದ ಬಿಚ್ಚಿದ ಡಿಸ್ಕಿಗೆ 'ಎಲ್‌ವಿಎಂ2 ಮೆಂಬರ್' ಅಪರಿಚಿತ ಎಂಬ ಮಾತು ಬರುತ್ತದೆ. ಅದು ಹೊರಗಿನ ಪೆಟ್ಟಿಗೆಯ ಹೆಸರು ಮಾತ್ರ, ಒಳಗಿನ ಭಾಗಗಳನ್ನು ಬೇರೆ ವಿಧಾನದಿಂದ ತೆರೆಯಬೇಕು. 2019-20ಕ್ಕೂ ಹಿಂದಿನ ಲಿನಕ್ಸ್ ಇರುವ ಯಂತ್ರಕ್ಕೆ ದೊಡ್ಡ ಗಾತ್ರದ ಪೆನ್ ಡ್ರೈವ್ ಹಾಕಿದರೆ ಎಕ್ಸ್‌ಫ್ಯಾಟ್ ತಿಳಿಯದು ಎನ್ನುವುದುಂಟು. ಬೇಕಾಗಿರುವುದು ಒಂದು ಪುಟ್ಟ ತಂತ್ರಾಂಶ, ಹೊಸ ಪೆನ್ ಡ್ರೈವ್ ಅಲ್ಲ. ಈ ಮೂರೂ ಸಂದರ್ಭಗಳಲ್ಲಿ ಡಿಸ್ಕ್ ನಿಜವಾಗಿ ಯಾವ ಬಗೆಯದೆಂಬುದನ್ನು ಉಬುಂಟು ಮತ್ತು ಮಿಂಟ್‌ಗಳಲ್ಲಿರುವ 'ಡಿಸ್ಕ್ಸ್' ಎಂಬ ಸಾಧನ ಚಿತ್ರಸಹಿತ ತೋರಿಸುತ್ತದೆ. ಆಜ್ಞೆಗಳನ್ನು ಟೈಪಿಸಲು ಹಿಂಜರಿಯುವ ಮಾಲೀಕರು ಕನಿಷ್ಠ ಅದನ್ನಾದರೂ ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಬಹುದು.

ವಿರುದ್ಧ ದಿಕ್ಕಿನ ಅಪಾಯ ಇನ್ನೂ ದೊಡ್ಡದು. ಲಿನಕ್ಸಿನ ಎಕ್ಸ್ಟ್4 ಮಾದರಿಯಲ್ಲಿರುವ ಡಿಸ್ಕನ್ನು ಪಕ್ಕದ ಮೇಜಿನ ವಿಂಡೋಸ್ ಯಂತ್ರಕ್ಕೆ ಜೋಡಿಸಿದರೆ, ಆ ಯಂತ್ರ 'ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಎಂದು ಕೇಳುತ್ತದೆ. ತನಗೆ ಓದಲು ಬಾರದ ಪುಸ್ತಕವನ್ನು ಖಾಲಿ ಪುಸ್ತಕವೆಂದು ಭಾವಿಸಿ ರಬ್ಬರು ಕೈಗೆತ್ತಿಕೊಂಡ ಹಾಗೆ. ಕಚೇರಿಯಲ್ಲಿ ಯಾರೋ ಒಬ್ಬರು ಅಭ್ಯಾಸಬಲದಿಂದ ಒಪ್ಪಿಗೆಯ ಗುಂಡಿ ಒತ್ತಿದರೆ ಮುಗಿಯಿತು. ಇಂತಹ ಡಿಸ್ಕಿನ ಮೇಲೆ 'ಲಿನಕ್ಸ್ - ಫಾರ್ಮ್ಯಾಟ್ ಮಾಡಬಾರದು' ಎಂಬ ಚೀಟಿಯನ್ನು ಕನ್ನಡದಲ್ಲಿಯೇ ಅಂಟಿಸುವುದು ಯಾವ ಭದ್ರತಾ ತಂತ್ರಾಂಶಕ್ಕಿಂತಲೂ ಹೆಚ್ಚು ಉಪಯುಕ್ತ.

ಹಾಗೆಂದು ಡಿಸ್ಕ್ ಎಂದೂ ಕೆಡುವುದಿಲ್ಲವೆಂದಲ್ಲ. ಕರ್ನಲಿನ ದಿನಚರಿಯಲ್ಲಿ 'ಐ/ಓ ಎರರ್' ಎಂಬ ಸಾಲುಗಳು ಒಂದರ ಮೇಲೊಂದು ಬರುತ್ತಿದ್ದರೆ ಯಂತ್ರಾಂಶದಲ್ಲಿಯೇ ದೋಷವಿದೆ ಎಂದರ್ಥ. ಈ ದೋಷವೂ ಪರದೆಯ ಮೇಲೆ ಬೇರೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಬರೆಯುತ್ತಿರುವಾಗ ದೋಷ ಕಂಡರೆ ಎಕ್ಸ್ಟ್4 ಡಿಸ್ಕನ್ನು 'ಓದಲು ಮಾತ್ರ' ಸ್ಥಿತಿಗೆ ತಳ್ಳುವ ಏರ್ಪಾಡು ಹಲವು ವಿತರಣೆಗಳಲ್ಲಿದೆ. ಆಗ ಬಳಕೆದಾರರಿಗೆ ಕಾಣುವುದು 'ರೀಡ್ ಓನ್ಲಿ ಫೈಲ್ ಸಿಸ್ಟಂ' ಎಂಬ ಮಾತು ಮಾತ್ರ. ಅನುಮತಿಯ ತೊಂದರೆಯೆಂದು ತಿಳಿದು ಅನುಮತಿಗಳನ್ನು ಬದಲಾಯಿಸುತ್ತ ಅರ್ಧ ದಿನ ಕಳೆಯುವವರಿದ್ದಾರೆ. ಅಷ್ಟರಲ್ಲಿ ಡಿಸ್ಕು ಮತ್ತಷ್ಟು ಹದಗೆಟ್ಟಿರುತ್ತದೆ. ಎಫ್‌ಎಸ್‌ಸಿಕೆ ಎಂಬ ದುರಸ್ತಿ ಆಜ್ಞೆಯನ್ನು ಸಾಯುತ್ತಿರುವ ಡಿಸ್ಕಿನ ಮೇಲೆ ನಡೆಸುವುದು ಇನ್ನೂ ಕೆಟ್ಟದು. ಮೊದಲು ಡಿಡಿ-ರೆಸ್ಕ್ಯೂ ಎಂಬ ಉಚಿತ ಸಾಧನದಿಂದ ಇಡೀ ಡಿಸ್ಕಿನ ನಕಲನ್ನು ಇನ್ನೊಂದು ಡಿಸ್ಕಿಗೆ ತೆಗೆದು, ದುರಸ್ತಿಯ ಪ್ರಯೋಗಗಳನ್ನೆಲ್ಲ ಆ ನಕಲಿನ ಮೇಲೆ ನಡೆಸಬೇಕು. ನಿಜವಾಗಿಯೇ ಸೂಪರ್‌ಬ್ಲಾಕ್ ಕೆಟ್ಟಿದ್ದರೂ ಎದೆಗುಂದಬೇಕಿಲ್ಲ. ಎಕ್ಸ್ಟ್4 ತನ್ನ ಸೂಪರ್‌ಬ್ಲಾಕಿನ ಪ್ರತಿಗಳನ್ನು ಡಿಸ್ಕಿನ ಹಲವು ಕಡೆ ಇಟ್ಟಿರುತ್ತದೆ. ಇನ್ನು ದಿನಚರಿಯಲ್ಲಿ ಯುಎಸ್‌ಬಿ ಸಂಪರ್ಕ ಪದೇಪದೇ 'ರೀಸೆಟ್' ಆಗುತ್ತಿದೆಯೆಂದಿದ್ದರೆ ಮೊದಲು ಬದಲಾಯಿಸಬೇಕಾದುದು ಕೇಬಲ್.

ತಪ್ಪು ಸಂದೇಶ ತಪ್ಪು ದುರಸ್ತಿಗೆ, ತಪ್ಪು ದುರಸ್ತಿ ಮತ್ತೊಂದು ಸಂದೇಶಕ್ಕೆ ದಾರಿಮಾಡುವ ಸರಪಳಿಯೂ ಉಂಟು. ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬುದನ್ನು ಹೇಳದೆ ಮೌಂಟ್ ಆಜ್ಞೆ ಕೊಟ್ಟರೆ 'ಎಫ್‌ಎಸ್‌ಟ್ಯಾಬ್‌ನಲ್ಲಿ ಕಾಣುತ್ತಿಲ್ಲ' ಎಂಬ ಉತ್ತರ ಬರುತ್ತದೆ. ಆಜ್ಞೆ ಅಪೂರ್ಣವಾಗಿದೆ ಎಂಬುದಷ್ಟೇ ಇದರ ಸಾರ. ಇದನ್ನು ಅಪ್ಪಣೆಯೆಂದು ತಿಳಿದು ಎಫ್‌ಎಸ್‌ಟ್ಯಾಬ್ ಎಂಬ ಮುಖ್ಯ ಕಡತದಲ್ಲಿ ಹೊರ ಡಿಸ್ಕಿನ ಹೆಸರು ಬರೆದಿಟ್ಟರೆ, ಆ ಡಿಸ್ಕ್ ಜೋಡಿಸದ ದಿನ ಯಂತ್ರ ಒಂದೂವರೆ ನಿಮಿಷ ಕಾದು 'ಎಮರ್ಜೆನ್ಸಿ ಮೋಡ್' ಎಂದು ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ಹೊರ ಡಿಸ್ಕನ್ನು ಅಲ್ಲಿ ನಮೂದಿಸಲೇಬೇಕಾದರೆ ಬದಲಾಗುವ ಅಕ್ಷರಹೆಸರಿನ ಬದಲು ಡಿಸ್ಕಿನ ಯುಯುಐಡಿ ಗುರುತನ್ನೂ, 'ನೋಫೇಲ್' ಎಂಬ ಆಯ್ಕೆಯನ್ನೂ ಬಳಸುವುದು ತಂತ್ರಜ್ಞರಿಗೆ ತಿಳಿದಿರಬೇಕಾದ ಕನಿಷ್ಠ ವಿಷಯ.

ಇವೆಲ್ಲಕ್ಕಿಂತ ಕಳವಳಕಾರಿಯಾದುದು ಸಂದೇಶವೇ ಬಾರದ ಸಂದರ್ಭ. ಲಿನಕ್ಸಿನಲ್ಲಿ ಡಿಸ್ಕ್ ಜೋಡಿಸುವ ಸ್ಥಾನ ಒಂದು ಸಾಮಾನ್ಯ ಫೋಲ್ಡರ್ ಆಗಿರುತ್ತದೆ. ಡಿಸ್ಕ್ ಜೋಡಣೆಯಾಗದಿದ್ದರೂ ಆ ಫೋಲ್ಡರ್ ಇದ್ದೇ ಇರಬಹುದು. ರಾತ್ರಿ ಒಂಬತ್ತಕ್ಕೆ ತಾನಾಗಿಯೇ ಬ್ಯಾಕಪ್ ತೆಗೆಯುವ ಏರ್ಪಾಡು ಮಾಡಿಟ್ಟ ಕಚೇರಿಯಲ್ಲಿ ಹೊರ ಡಿಸ್ಕಿನ ಕೇಬಲ್ ಸಡಿಲವಾಗಿದೆ ಎಂದಿಟ್ಟುಕೊಳ್ಳಬಹುದು. ಏರ್ಪಾಡು ಎಂದಿನಂತೆ ಓಡುತ್ತದೆ. ಕಡತಗಳು ಆ ಖಾಲಿ ಫೋಲ್ಡರಿಗೆ, ಅಂದರೆ ಯಂತ್ರದ ಒಳಗಿನ ಅದೇ ಡಿಸ್ಕಿಗೆ, ನಕಲಾಗುತ್ತವೆ. 'ಬ್ಯಾಕಪ್ ಯಶಸ್ವಿ' ಎಂಬ ವರದಿಯೂ ಬರುತ್ತದೆ. ಮೂಲವೂ ನಕಲೂ ಒಂದೇ ಡಿಸ್ಕಿನಲ್ಲಿವೆ ಎಂಬ ಸಂಗತಿ ಆ ಡಿಸ್ಕು ಕೆಟ್ಟ ದಿನ ಮಾತ್ರ ಬಯಲಾಗುತ್ತದೆ. ಕೆಲವೊಮ್ಮೆ ಮುನ್ಸೂಚನೆಗಳಿರುತ್ತವೆ. 'ಬ್ಯಾಕಪ್' ಎಂಬ ಹೆಸರಿನ ಡಿಸ್ಕು ಇದ್ದಕ್ಕಿದ್ದಂತೆ 'ಬ್ಯಾಕಪ್1' ಎಂದು ಕಾಣಿಸಿಕೊಂಡರೆ, ಮೂಲ ಹೆಸರಿನ ಫೋಲ್ಡರ್ ಒಳಗಿನ ಡಿಸ್ಕಿನಲ್ಲಿ ಸೃಷ್ಟಿಯಾಗಿದೆ ಎಂದು ಅನುಮಾನಿಸಬೇಕು. ಒಳಗಿನ ಡಿಸ್ಕಿನಲ್ಲಿ 'ಜಾಗವಿಲ್ಲ' ಎಂಬ ಸಂದೇಶ ಬಂದು, ಎಷ್ಟು ಹುಡುಕಿದರೂ ಜಾಗ ನುಂಗಿದ ಕಡತಗಳು ಕಾಣದಿದ್ದರೆ, ಅವು ಜೋಡಿಸಿದ ಡಿಸ್ಕಿನ ಅಡಿಯಲ್ಲಿ ಮರೆಯಾಗಿರುವ ಸಾಧ್ಯತೆಯಿದೆ. ಹೊರ ಡಿಸ್ಕನ್ನು ಬೇರ್ಪಡಿಸಿ ಅದೇ ಫೋಲ್ಡರನ್ನು ತೆರೆದರೆ ತಿಂಗಳುಗಳ ಬ್ಯಾಕಪ್ ಅಲ್ಲಿ ರಾಶಿಬಿದ್ದಿರುತ್ತದೆ. ಬ್ಯಾಕಪ್ ಆರಂಭಿಸುವ ಮೊದಲು ಡಿಸ್ಕ್ ನಿಜವಾಗಿ ಜೋಡಣೆಯಾಗಿದೆಯೇ ಎಂದು ಪರೀಕ್ಷಿಸಲು 'ಮೌಂಟ್‌ಪಾಯಿಂಟ್' ಎಂಬ ಆಜ್ಞೆಯೇ ಇದೆ. ಅದನ್ನು ಸೇರಿಸಲು ತಂತ್ರಜ್ಞನಿಗೆ ಐದು ನಿಮಿಷ ಸಾಕು. ಸೇರಿಸಿದ್ದೀರಾ ಎಂದು ಕೇಳುವ ಹೊಣೆ ಮಾಲೀಕರದು.

ಇದನ್ನೆಲ್ಲ ಗಣಕದವರ ಪಾಲಿಗೆ ಬಿಡಬಾರದೇಕೆ ಎಂದು ಕೇಳಬಹುದು. ಕಾನೂನು ಹಾಗೆ ಬಿಡುವುದಿಲ್ಲ ಎಂಬುದೇ ಉತ್ತರ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ 36ನೇ ಪ್ರಕರಣದಂತೆ ನೋಂದಾಯಿತ ವ್ಯಕ್ತಿ ತನ್ನ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. 2023-24ನೇ ಸಾಲಿನ ವಾರ್ಷಿಕ ವಿವರಣೆಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿದ್ದುದರಿಂದ ಆ ಸಾಲಿನ ಪುಸ್ತಕಗಳು 2030ರ ಡಿಸೆಂಬರ್ 31ರವರೆಗೆ ಇರಲೇಬೇಕು. ಮೇಲ್ಮನವಿಯೋ ತನಿಖೆಯೋ ನಡೆಯುತ್ತಿದ್ದರೆ ಅವಧಿ ಇನ್ನೂ ಹೆಚ್ಚೀತು. ಅದೇ ಕಾಯಿದೆಯಡಿಯ ನಿಯಮಗಳಲ್ಲಿ 57ನೆಯದು ವಿದ್ಯುನ್ಮಾನ ದಾಖಲೆಗಳನ್ನು ಕುರಿತದ್ದು. ಅವಘಡದಿಂದಲೋ ಪ್ರಕೃತಿ ವಿಕೋಪದಿಂದಲೋ ದಾಖಲೆ ನಾಶವಾದರೆ ಯುಕ್ತ ಕಾಲಾವಧಿಯಲ್ಲಿ ಮರುಪಡೆಯುವಂತೆ ಬ್ಯಾಕಪ್ ಇಡಬೇಕೆಂದೂ, ಕೇಳಿದಾಗ ಓದಬಲ್ಲ ರೂಪದಲ್ಲಿ ಒದಗಿಸಬೇಕೆಂದೂ, ಪಾಸ್‌ವರ್ಡುಗಳನ್ನು ಕೊಡಬೇಕೆಂದೂ ಅದು ವಿಧಿಸುತ್ತದೆ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತನಗೆ ಸಲ್ಲುತ್ತದೆಂದು ರುಜುವಾತುಪಡಿಸುವ ಭಾರವನ್ನು 155ನೇ ಪ್ರಕರಣ ವರ್ತಕನ ಮೇಲೆಯೇ ಹೊರಿಸಿದೆ. 'ಡಿಸ್ಕು ತೆರೆಯಲಿಲ್ಲ, ಹುಡುಗ ಫಾರ್ಮ್ಯಾಟ್ ಮಾಡಿದ' ಎಂಬ ವಿವರಣೆಯಿಂದ ಆ ಭಾರ ಇಳಿಯುವುದಿಲ್ಲ.

ಕಂಪನಿಗಳ ವಿಷಯದಲ್ಲಿ ನಿಯಮ ಮತ್ತಷ್ಟು ಬಿಗಿ. ಕಂಪನಿಗಳ ಕಾಯಿದೆ, 2013ರ 128ನೇ ಪ್ರಕರಣದಂತೆ ಹಿಂದಿನ ಎಂಟು ಆರ್ಥಿಕ ವರ್ಷಗಳ ಪುಸ್ತಕಗಳಿರಬೇಕು. 2022ರ ಆಗಸ್ಟಿನ ತಿದ್ದುಪಡಿಯ ನಂತರ ವಿದ್ಯುನ್ಮಾನ ಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡತಕ್ಕದ್ದು. 2023ರ ಏಪ್ರಿಲ್ 1ರಿಂದ ಪ್ರತಿ ನಮೂದಿನ ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು. ಕಳೆದುಹೋದ ಓಚರುಗಳನ್ನು ಕಾಗದ ನೋಡಿ ಮತ್ತೆ ತುಂಬಿಸಿದರಾಯಿತು ಎನ್ನುವವರು ಇದನ್ನು ಗಮನಿಸಬೇಕು. ಮೂರು ವರ್ಷದ ಹಿಂದಿನ ವ್ಯವಹಾರಗಳು ಮೊನ್ನೆ ನಮೂದಾಗಿವೆ ಎಂದು ಆ ಜಾಡೇ ಹೇಳುತ್ತದೆ, ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಅದನ್ನು ಕಡೆಗಣಿಸುವಂತಿಲ್ಲ.

ಲಿನಕ್ಸ್ ಸಾಮಾನ್ಯರಿಗೆ ಹೇಳಿದ್ದಲ್ಲ ಎಂಬ ತೀರ್ಮಾನಕ್ಕೆ ಇದರಿಂದ ಬರಬೇಕಾಗಿಲ್ಲ. ನೆರೆಯ ಕೇರಳದ ಶಾಲೆಗಳು 'ಐಟಿ ಅಟ್ ಸ್ಕೂಲ್' ಯೋಜನೆಯಡಿ, 2017ರಿಂದ ಅದರ ಉತ್ತರಾಧಿಕಾರಿಯಾದ ಕೈಟ್ ಸಂಸ್ಥೆಯಡಿ, ಲಿನಕ್ಸನ್ನೇ ಬಳಸುತ್ತ ಬಂದಿವೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದರ ವ್ಯಾಪ್ತಿಯಲ್ಲಿವೆ. ಅಲ್ಲಿ ತಂತ್ರಾಂಶ ಕೊಟ್ಟು ಕೈತೊಳೆದುಕೊಳ್ಳದೆ ಶಿಕ್ಷಕರಿಗೆ ವ್ಯವಸ್ಥಿತ ತರಬೇತಿಯನ್ನೂ ಕೊಟ್ಟರು. ಮೈಸೂರಿನಲ್ಲಿ ಅಂಗಡಿಗೂ ಕಾರ್ಖಾನೆಗೂ ಲಿನಕ್ಸ್ ಬಂದಿರುವುದು ಬಿಡಿಬಿಡಿಯಾಗಿ, ಪರಿಚಯದ ತಂತ್ರಜ್ಞನ ಪೆನ್ ಡ್ರೈವಿನಲ್ಲಿ. ತರಬೇತಿ ಅದರ ಜೊತೆ ಬಂದಿಲ್ಲ. ವರ್ಷಕ್ಕೊಂದು ಅರ್ಧ ದಿನ, ಕರ್ನಲಿನ ದಿನಚರಿಯನ್ನು ಓದುವುದು ಹೇಗೆಂದು ಗುಮಾಸ್ತರಿಗೂ ಮಾಲೀಕರಿಗೂ ಒಟ್ಟಿಗೆ ಕಲಿಸುವ ಕಾರ್ಯಾಗಾರವನ್ನು ವಾಣಿಜ್ಯ ಮಂಡಳಿಯೇ ಏರ್ಪಡಿಸಿದರೆ ತಗಲುವ ವೆಚ್ಚ ಅತ್ಯಲ್ಪ. ಆ ಸಂದೇಶಗಳು ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ, ಪದೇಪದೇ ಕಾಣುವ ಹತ್ತಿಪ್ಪತ್ತು ಸಾಲುಗಳಿಗೆ ಕನ್ನಡದಲ್ಲಿ ವಿವರಣೆ ಅಚ್ಚು ಹಾಕಿಸಿ ಹಂಚಿದರೂ ಬಹಳ ಉಪಕಾರವಾದೀತು.

ಅದಕ್ಕೆ ಮುಂಚೆಯೇ ಮಾಡಬಹುದಾದುದು ವಾರ್ಷಿಕ ನಿರ್ವಹಣಾ ಒಪ್ಪಂದದ ತಿದ್ದುಪಡಿ. ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಡಿಸ್ಕನ್ನೂ ಫಾರ್ಮ್ಯಾಟ್ ಮಾಡಕೂಡದು, ಬಲವಂತವಾಗಿ ತೆರೆಯಕೂಡದು. ದೋಷ ಕಂಡಾಗ ಮೊದಲು ಪರದೆಯ ಛಾಯಾಚಿತ್ರ ತೆಗೆದು, ಕರ್ನಲಿನ ದಿನಚರಿಯ ಕೊನೆಯ ಐವತ್ತು ಸಾಲುಗಳನ್ನು ಉಳಿಸಿ ಮಾಲೀಕರಿಗೆ ಒಪ್ಪಿಸಬೇಕು. ಬದಲಾಯಿಸಿದ ಹಳೆಯ ಡಿಸ್ಕನ್ನು ಮಾಲೀಕರಿಗೇ ಹಿಂದಿರುಗಿಸಬೇಕು ಎಂಬ ಷರತ್ತುಗಳನ್ನು ಸೇರಿಸಿದರೆ ಸಾಕು. ಒಳ್ಳೆಯ ತಂತ್ರಜ್ಞರು ಇದಕ್ಕೆ ತಕರಾರು ಮಾಡುವುದಿಲ್ಲ. ತಕರಾರು ಮಾಡುವವರು ಯಾರೆಂಬುದು ತಿಳಿಯುವುದೂ ಒಂದು ಲಾಭವೇ. ಕಚೇರಿಯ ಮಟ್ಟಿಗೆ, ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸಿದ ಮರುದಿನ ಬ್ಯಾಕಪ್ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ, ಎರಡು ವರ್ಷ ಹಿಂದಿನ ಯಾವುದಾದರೂ ಒಂದು ಬಿಲ್ಲನ್ನು ತೆರೆದು, ಮುದ್ರಿಸಿ, ದಿನಾಂಕ ಹಾಕಿ ಕಡತಕ್ಕೆ ಸೇರಿಸಬಹುದು. ಹತ್ತು ನಿಮಿಷದ ಕೆಲಸ. ಆ ಬಿಲ್ಲು ತೆರೆಯದಿದ್ದರೆ ಅಂದೇ ಗೊತ್ತಾಗುತ್ತದೆ, ತೆರಿಗೆ ಇಲಾಖೆಯ ನೋಟೀಸು ಬಂದ ದಿನವಲ್ಲ.